ಮನೆ ಕ್ರಯಕ್ಕೆ ವಕೀಲರನ್ನು ಹಿಡಿಯುವಾಗ: ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ನಿಟ್ಟುವಳ್ಳಿ ಕಡೆ ಮೂವತ್ತು-ನಲವತ್ತರ ಸೈಟಿನಲ್ಲಿ ಕಟ್ಟಿದ ಮನೆ ನೋಡಿದ್ದೇವೆ. 42 ಲಕ್ಷಕ್ಕೆ ಮಾತಾಗಿದೆ. ‘ಮಾರೋರ ಕಾಗದ ಎಲ್ಲ ನಮ್ಮ ವಕೀಲರ ಹತ್ರಾನೇ ಅದಾವು, ಇ-ಖಾತಾನೂ ಆಗೈತಿ, ನಿಮಗ್ಯಾಕೆ ಬ್ಯಾರೆ ಖರ್ಚು’ ಅಂತಾರೆ ಬ್ರೋಕರ್. ಒಪ್ಪಬಹುದೇ?
ಗೃಹಿಣಿ, ದಾವಣಗೆರೆ

ಉತ್ತರ: ಒಪ್ಪಬೇಡಿ. ಆ ವಕೀಲರು ಒಳ್ಳೆಯವರೇ ಇರಬಹುದು. ಆದರೆ ‘ಹಕ್ಕಿನಲ್ಲಿ ದೋಷ ಕಂಡರೆ ಮುಂಗಡವನ್ನು ಇಷ್ಟು ದಿನದೊಳಗೆ ಮರಳಿಸತಕ್ಕದ್ದು’ ಎಂಬ ಸಾಲನ್ನು ಕರಾರಿನಲ್ಲಿ ಹಾಕಿಸಲು ಪಟ್ಟು ಹಿಡಿಯುವವರು ನಿಮಗೊಬ್ಬರು ಬೇಕು. ಮಾರುವವರ ವಕೀಲರು ಆ ಪಟ್ಟು ಹಿಡಿಯುವುದಿಲ್ಲ. ಟೋಕನ್ ಕೊಡುವ ಮುಂಚೆಯೇ ನಿಮ್ಮವರನ್ನು ನೋಡಿಕೊಳ್ಳಿ.

ಯಾರನ್ನು ಹಿಡಿಯಬೇಕು ಎಂದರೆ ಸಿವಿಲ್ ಕೆಲಸ ಮಾಡುವ, ಆಸ್ತಿ ಪತ್ರ ಓದಿ ಪಳಗಿದ ವಕೀಲರನ್ನು. ಕ್ರಿಮಿನಲ್ ಕೇಸಿನಲ್ಲಿ ಹೆಸರಾದವರು ಇಲ್ಲಿ ಕೆಲಸಕ್ಕೆ ಬರಬೇಕೆಂದಿಲ್ಲ. ನೋಂದಣಿ ಕಚೇರಿಯ ಸುತ್ತಮುತ್ತ ಕೂರುವ ಪತ್ರ ಬರಹಗಾರರು ಬೇರೆ, ವಕೀಲರು ಬೇರೆ. ಬರಹಗಾರರು ನೀವು ಹೇಳಿದ್ದನ್ನು ಪತ್ರಕ್ಕಿಳಿಸುತ್ತಾರೆ, ಮಾರುವವರಿಗೆ ಮಾರುವ ಹಕ್ಕಿದೆಯೇ ಎಂದು ನೋಡುವುದು ಅವರ ಹೊಣೆಯಲ್ಲ. ರಾಜ್ಯ ವಕೀಲರ ಪರಿಷತ್ತಿನ ನೋಂದಣಿ ಸಂಖ್ಯೆ ಕೇಳಲು ಸಂಕೋಚ ಬೇಡ.

ಮೊದಲ ಭೇಟಿಯಲ್ಲೇ ಒಂದು ಪ್ರಶ್ನೆ ಹಾಕಿ: ‘ಇ.ಸಿ.ಯನ್ನು (ಋಣಭಾರ ಪತ್ರ, ಅಂದರೆ ಆಸ್ತಿಯ ಮೇಲೆ ನೋಂದಣಿಯಾದ ಮಾರಾಟ, ಅಡಮಾನಗಳ ಪಟ್ಟಿ) ಯಾವ ಯಾವ ನಂಬರಿಗೆ ತೆಗೆಸಬೇಕು?’ ಉತ್ತರದಲ್ಲೇ ಅವರ ಅನುಭವ ಗೊತ್ತಾಗುತ್ತದೆ. ನೀವು ಕೊಳ್ಳುವ ಮನೆಯ ಜಾಗ ಒಂದು ಕಾಲಕ್ಕೆ ಹೊಲ, ಅದಕ್ಕೆ ಸರ್ವೆ ನಂಬರ್. ಭೂ ಪರಿವರ್ತನೆಯಾಗಿ ಬಡಾವಣೆಯಾದ ಮೇಲೆ ಸೈಟ್ ನಂಬರ್. ಮನೆ ಎದ್ದ ಮೇಲೆ ಡೋರ್ ನಂಬರ್. ಈಗ ಇ-ಖಾತಾದ (ಸ್ಥಳೀಯ ಸಂಸ್ಥೆಯ ಆನ್‌ಲೈನ್ ಆಸ್ತಿ ದಾಖಲೆ) ನಂಬರ್. ಬರೀ ಸೈಟ್ ನಂಬರಿಗೆ ಇ.ಸಿ. ತೆಗೆಸಿದರೆ ಬಡಾವಣೆಗೆ ಮುಂಚಿನ ಕಥೆ ಬರುವುದೇ ಇಲ್ಲ. ‘ಯಾವ ಋಣಭಾರವೂ ಇಲ್ಲ’ ಎನ್ನುವ ನಮೂನೆ 16 ಕೈಗೆ ಬಂದರೂ, ಅದು ಹುಡುಕಿದ ನಂಬರಿಗೆ, ಹುಡುಕಿದ ಅವಧಿಗೆ ಮಾತ್ರ. ಬಲ್ಲವರು 30 ವರ್ಷದ ಇ.ಸಿ.ಯನ್ನು ಸರ್ವೆ ನಂಬರಿಗೂ ಸೈಟ್ ನಂಬರಿಗೂ ತೆಗೆಸಿ, ಎರಡನ್ನೂ ಮೂಲಪತ್ರದಿಂದ ಇಂದಿನವರೆಗೆ ಕೊಂಡಿಯಂತೆ ಸೇರಿಸುತ್ತಾರೆ. ಹೊಲದ ಮೂಲ ಹಿಡಿಯಲು ಇನ್ನೊಂದು ಕಾರಣವಿದೆ. ಅದು ಪರಿಶಿಷ್ಟ ಜಾತಿ ಅಥವಾ ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ ಜಮೀನಾಗಿದ್ದು ಅನುಮತಿಯಿಲ್ಲದೆ ಮಾರಾಟವಾಗಿದ್ದರೆ, 1978ರ ಪಿ.ಟಿ.ಸಿ.ಎಲ್. ಕಾಯ್ದೆಯ ಪ್ರಕಾರ ಆ ಮಾರಾಟ ಅಸಿಂಧು.

ಹಳೇ ಪತ್ರದಲ್ಲಿ ‘ಚಿತ್ರದುರ್ಗ ಜಿಲ್ಲೆ, ದಾವಣಗೆರೆ ತಾಲ್ಲೂಕು’ ಎಂದಿದ್ದರೆ ಗಾಬರಿ ಬೇಡ, ದಾವಣಗೆರೆ ಜಿಲ್ಲೆಯಾದದ್ದೇ 1997ರಲ್ಲಿ. ಚನ್ನಗಿರಿ, ಹೊನ್ನಾಳಿಯ ಹಳೇ ಪತ್ರಗಳಲ್ಲಿ ಶಿವಮೊಗ್ಗ ಜಿಲ್ಲೆ ಎಂದಿರುವುದೂ ಸರಿಯೇ. ಗಾಬರಿಯಾಗಬೇಕಾದದ್ದು ಚೆಕ್ಕುಬಂದಿ (ನಾಲ್ಕು ದಿಕ್ಕಿನ ಗಡಿ ವಿವರ) ಹೊಂದದಿದ್ದಾಗ. ಒಂದರ ಪಕ್ಕ ಒಂದು ಮೂರು ಪತ್ರ ಇಟ್ಟುಕೊಂಡು ಓದಿ. ಒಂದರಲ್ಲಿ ‘ಪೂರ್ವಕ್ಕೆ ರಸ್ತೆ’, ಮುಂದಿನದರಲ್ಲಿ ‘ಪೂರ್ವಕ್ಕೆ ಸೈಟ್ ನಂಬರ್ 14’. ಒಂದರಲ್ಲಿ 40 ಅಡಿ, ಇನ್ನೊಂದರಲ್ಲಿ 38. ಇದಕ್ಕೆ ತಿದ್ದುಪಡಿ ಪತ್ರವಾಗಬೇಕು, ಅದಕ್ಕೆ ಹಿಂದೆ ಬರೆದುಕೊಟ್ಟವರ ಸಹಿ ಬೇಕು. ಕ್ರಯವಾದ ಮೇಲೆ ಅವರನ್ನು ಹುಡುಕಿಕೊಂಡು ಅಲೆಯುವ ಕರ್ಮ ನಿಮ್ಮದಾಗುತ್ತದೆ.

ಇನ್ನು ಇ-ಖಾತಾ. 2024ರ ಅಕ್ಟೋಬರ್‌ನಿಂದ ಅದಿಲ್ಲದೆ ನೋಂದಣಿ ಆಗುವುದಿಲ್ಲ, ನಿಜ. ಆದರೆ ಖಾತೆ ಇರುವುದು ತೆರಿಗೆಗೆ. ಒಡೆತನ ಹೇಳುವುದು ಪತ್ರ. ಬಡಾವಣೆ ನಕ್ಷೆಗೆ ದೂಡಾ (ನಗರಾಭಿವೃದ್ಧಿ ಪ್ರಾಧಿಕಾರ) ಮಂಜೂರಾತಿ ಇದೆಯೇ ಎಂಬುದನ್ನೂ ಪ್ರತ್ಯೇಕವಾಗಿ ನೋಡಿಸಿ. ಅಂದಹಾಗೆ, 42 ಲಕ್ಷದ ಮನೆಗೆ ಮುದ್ರಾಂಕ ಶುಲ್ಕ 5%, ಅದರ ಮೇಲಿನ ಸೆಸ್ ಮತ್ತು ಸರ್‌ಚಾರ್ಜ್, 2% ನೋಂದಣಿ ಶುಲ್ಕ ಸೇರಿ ಹೆಚ್ಚುಕಡಿಮೆ 3.19 ಲಕ್ಷ ಸರ್ಕಾರಕ್ಕೇ ಹೋಗುತ್ತದೆ. ಸರ್ಕಾರ ಗೊತ್ತು ಮಾಡಿದ ಮಾರ್ಗಸೂಚಿ ಬೆಲೆ ಇನ್ನೂ ಹೆಚ್ಚಿದ್ದರೆ ಅದರ ಮೇಲೆ ಲೆಕ್ಕ. ಅಷ್ಟು ಕಟ್ಟುವವರು ವಕೀಲರ ಫೀಸಿನಲ್ಲಿ ಉಳಿಸಲು ಹೋಗುವುದು ನಮಗಂತೂ ಜಾಣತನ ಅನ್ನಿಸುವುದಿಲ್ಲ.

ಪ್ರಶ್ನೆ: ಗೃಹಸಾಲ ತೆಗೆಯುತ್ತಿದ್ದೇನೆ. ಬ್ಯಾಂಕಿನ ಪ್ಯಾನೆಲ್ ವಕೀಲರು ಹೇಗೂ ಕಾಗದ ನೋಡುತ್ತಾರೆ, ಫೀಸೂ ನನ್ನಿಂದಲೇ ಹೋಗುತ್ತದೆ. ಇನ್ನೊಬ್ಬರು ಬೇಕೇ?
ಶಿಕ್ಷಕ, ಹರಿಹರ

ಉತ್ತರ: ಫೀಸು ನಿಮ್ಮದು, ವರದಿ ಬ್ಯಾಂಕಿಗೆ. ಸಾಲಕ್ಕೆ ಈ ಆಸ್ತಿ ಅಡಮಾನವಾಗಿ ಸಾಕೇ ಎಂಬಷ್ಟನ್ನೇ ಅವರು ನೋಡುತ್ತಾರೆ. 30 ಲಕ್ಷ ದಾಟಿದ, 75 ಲಕ್ಷದೊಳಗಿನ ಸಾಲವಾದರೆ ಬೆಲೆಯ 80%ಗಿಂತ ಹೆಚ್ಚು ಬ್ಯಾಂಕ್ ಕೊಡುವಂತಿಲ್ಲ, ಮಿಕ್ಕದ್ದು ನಿಮ್ಮ ಗಂಟು. ನಾಳೆ ಹಕ್ಕಿನ ತಕರಾರು ಬಂದರೂ ಕಂತು ತಪ್ಪುವುದಿಲ್ಲ. ಪ್ಯಾನೆಲ್ ವರದಿಯ ಪ್ರತಿಯನ್ನು ಬ್ಯಾಂಕಿನಲ್ಲಿ ಕೇಳಿ ನೋಡಿ. ಸಿಕ್ಕರೆ ನಿಮ್ಮ ವಕೀಲರ ಅರ್ಧ ಕೆಲಸ ಹಗುರ.

ಪ್ರಶ್ನೆ: ತಂದೆಯವರು ಸ್ವಂತ ದುಡಿಮೆಯಲ್ಲಿ ಕೊಂಡ ಮನೆ ಚಿತ್ರದುರ್ಗದಲ್ಲಿದೆ. ಅವರು ಉಯಿಲು ಬರೆಯದೆ ತೀರಿಕೊಂಡರು. ತಾಯಿ ಇದ್ದಾರೆ. ಮದುವೆಯಾದ ಇಬ್ಬರು ಅಕ್ಕಂದಿರಿದ್ದಾರೆ, ಒಬ್ಬರು ಬೆಂಗಳೂರಿನಲ್ಲಿ. ಖಾತೆ ನನ್ನ ಹೆಸರಿಗಾಗಿದೆ. ಮಾರುವವರಿಗೂ ವಕೀಲರು ಬೇಕೇ?
ಓದುಗ, ಚಿತ್ರದುರ್ಗ

ಉತ್ತರ: ನಿಮ್ಮ ಪ್ರಸಂಗದಲ್ಲಿ ಖಂಡಿತ ಬೇಕು. ಖಾತೆ ನಿಮ್ಮ ಹೆಸರಿಗಿದ್ದರೂ ಮನೆ ಪೂರ್ತಿ ನಿಮ್ಮದಲ್ಲ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ ಪ್ರಕಾರ ತಾಯಿ, ನೀವು, ಇಬ್ಬರು ಅಕ್ಕಂದಿರು, ನಾಲ್ವರಿಗೂ ಸಮಪಾಲು (ನಿಮ್ಮ ಅಜ್ಜಿ, ಅಂದರೆ ತಂದೆಯ ತಾಯಿ, ಬದುಕಿದ್ದರೆ ಅವರಿಗೂ). ಅಕ್ಕಂದಿರ ಮದುವೆಗೂ ಇದಕ್ಕೂ ಸಂಬಂಧವಿಲ್ಲ. ‘ಅವರು ಏನೂ ಕೇಳಲ್ಲ ಬಿಡಿ’ ಎಂಬ ಮಾತನ್ನು ನಂಬಿ ಯಾವ ವಕೀಲರೂ ಕೊಳ್ಳುವವರಿಗೆ ಹಸಿರು ನಿಶಾನೆ ತೋರುವುದಿಲ್ಲ. ಖಾತೆಗಾಗಿ ವಂಶವೃಕ್ಷಕ್ಕೆ ಅವರು ಸಹಿ ಹಾಕಿದ್ದರೂ ಅದು ಹಕ್ಕು ಬಿಟ್ಟುಕೊಟ್ಟಂತೆ ಆಗುವುದಿಲ್ಲ, ಹಕ್ಕುಬಿಡುಗಡೆ ಪತ್ರ ನೋಂದಣಿಯಾಗಲೇಬೇಕು. ಹೇಗೂ ಮಾರುವುದೇ ಆದರೆ ಅದೂ ಬೇಡ: ನಾಲ್ವರೂ ಮಾರುವವರಾಗಿ ಕ್ರಯಪತ್ರಕ್ಕೆ ಸಹಿ ಹಾಕಿ. ಬೆಂಗಳೂರಿನ ಅಕ್ಕ ಬರಲಾಗದಿದ್ದರೆ ಅವರು ವಾಸವಿರುವ ಕಡೆಯ ಉಪನೋಂದಣಾಧಿಕಾರಿ ಮುಂದೆಯೇ ಅಧಿಕಾರ ಪತ್ರ (ಪವರ್ ಆಫ್ ಅಟಾರ್ನಿ) ಮಾಡಿಸಿ ಕಳಿಸಲಿ.

ಹಣದ ವಿಚಾರ: ಆಸ್ತಿಯ ಮುಂಗಡವಾಗಲಿ ಬಾಕಿಯಾಗಲಿ 20,000 ರೂಪಾಯಿ ಅಥವಾ ಅದಕ್ಕೂ ಹೆಚ್ಚನ್ನು ನಗದಾಗಿ ಪಡೆದರೆ, ಪಡೆದವರಿಗೇ ಅಷ್ಟೇ ಮೊತ್ತದ ದಂಡ ಬೀಳಬಹುದು. ‘ಪೂರ್ತಿ ಹಣ ಸಂದಾಯವಾಗಿದೆ’ ಎಂಬ ಪತ್ರಕ್ಕೆ ಸಹಿ ಮಾಡುವ ಮುನ್ನ ಡಿ.ಡಿ. ಕೈಯಲ್ಲಿರಲಿ, ಇಲ್ಲವೇ ಹಣ ಬ್ಯಾಂಕ್ ಖಾತೆಗೆ ಬಿದ್ದಿರಲಿ.

ಪ್ರಶ್ನೆ: ವಕೀಲರ ಫೀಸು ಹೇಗೆ ಮಾತಾಡಿಕೊಳ್ಳಬೇಕು?
ವ್ಯಾಪಾರಿ, ಜಗಳೂರು

ಉತ್ತರ: ಇಡೀ ಕೆಲಸಕ್ಕೆ ಇಷ್ಟು ಎಂದು ಮೊದಲೇ ಗೊತ್ತು ಮಾಡಿಕೊಳ್ಳಿ. ಮನೆ ಬೆಲೆಯ ಮೇಲೆ ಶೇಕಡಾ ಕೇಳುವವರಿಗೆ ನಾವಾದರೆ ಕೈ ಮುಗಿಯುತ್ತೇವೆ. ಅಭಿಪ್ರಾಯ ಬರಹದಲ್ಲಿರಲಿ; ಯಾವ ಪತ್ರದ ಅಸಲು ನೋಡಿದರು, ಯಾವುದರ ಜೆರಾಕ್ಸ್ ಮಾತ್ರ ನೋಡಿದರು ಎಂಬುದು ಅದರಲ್ಲಿ ಬರಬೇಕು. ಕೋರ್ಟಿನಲ್ಲಿ ದಾವೆ ಇದೆಯೇ ಎಂಬ ಹುಡುಕಾಟ, ನೋಂದಣಿ ದಿನದ ಹಾಜರಿ, ಆಮೇಲಿನ ಖಾತೆ ಬದಲಾವಣೆ, ಇವು ಆ ಫೀಸಿನೊಳಗೋ ಹೊರಗೋ ಎಂದು ಕೇಳಿಬಿಡಿ. ಜಗಳ ಹುಟ್ಟುವುದು ಹೆಚ್ಚಾಗಿ ಆ ಖಾತೆ ಬದಲಾವಣೆಯ ಓಡಾಟಕ್ಕೇ.