ಮಾತು ಬಿಟ್ಟವ ಮಾತಾಡಿಸ್ಲಿಕ್ಕೆ ಬಂದ

ಈ ಸಲದ ಪತ್ರ ಪೆರ್ಲದ ಕಡೆಯಿಂದ ಬಂದದ್ದು. ಉದ್ದ ಇತ್ತು, ಸ್ವಲ್ಪ ಕಡಿಮೆ ಮಾಡಿದ್ದೇನೆ.

"ಅಕ್ಕಾ, ನನಗೆ 43 ವರ್ಷ, ಅಡಿಕೆ ತೋಟ ಉಂಟು. ಜುಲೈ 23ಕ್ಕೆ ಕೊಳೆರೋಗದ ಎರಡನೇ ಮದ್ದು ಬಿಡ್ಲಿಕ್ಕೆ ಜನ ಬಂದಿದ್ರು, ನಾನು ಡ್ರಮ್ಮಲ್ಲಿ ಸುಣ್ಣ ಕಲಸ್ತಾ ಇದ್ದೆ, ಮಧ್ಯದಲ್ಲಿ ಮೊಬೈಲ್ ತೆಗೆದ್ರೆ ಬ್ಲ್ಯಾಕ್ ಸಬ್ಬತ್ ಬ್ಯಾಂಡಿನ ಹಾಡುಗಾರ ಓಝಿ ಓಸ್ಬೋರ್ನ್ ಸತ್ತ ಅಂತ ನ್ಯೂಸ್. ಎಂತ ಆಯ್ತೋ ಗೊತ್ತಿಲ್ಲ, ಮೈಲುತುತ್ತಿನ ನೀರಿಗೇ ಸುಣ್ಣ ಹೊಯ್ದೆ, ಉಲ್ಟಾ. ಮದ್ದು ಬಿಡುವವ ಬೈದ. ಪಂಪ್‌ಶೆಡ್ಡಿನ ಹಿಂದೆ ಹೋಗಿ ಕೂತು ಅತ್ತೆ. ಹೆಂಡತಿ ನೋಡಿ ಗಾಬರಿಯಿಂದ ಓಡಿ ಬಂದ್ಲು, ವಿಷಯ ಗೊತ್ತಾದ ಮೇಲೆ ಜೋರು ನಗಾಡಿದ್ಲು, ಆ ಬಾವಲಿ ತಲೆ ಕಚ್ಚಿದವನಿಗಾ ಅಂತ. ಈಗ ಭಾವ ಮನೆಗೆ ಬಂದ್ರೂ ಅದೇ ತಮಾಷೆ. ಇನ್ನೊಂದು ವಿಷಯ. ಮಂಗ್ಳೂರಲ್ಲಿ ಹಾಸ್ಟೆಲಲ್ಲಿ ಇದ್ದಾಗ ಒಬ್ಬ ರೂಮ್‌ಮೇಟ್, ಈ ಪಾಟುಗಳನ್ನೆಲ್ಲ ಕೇಳ್ಲಿಕ್ಕೆ ಕಲಿಸಿದ್ದೇ ಅವ, ಒಂದು ವಾಕ್‌ಮನ್, ಕಿವಿಗೆ ಒಂದೊಂದು ವಯರು. 2016ರಲ್ಲಿ ಗಲ್ಫಿಗೆ ಹೋಗ್ಲಿಕ್ಕೆ ಅಂತ ನನ್ನತ್ರ 60 ಸಾವಿರ ತೆಗೊಂಡ, ವಾಪಸ್ ಕೊಡ್ಲಿಲ್ಲ, ಮಾತು ಬಿಟ್ಟೆವು. ಅದೇ 23ಕ್ಕೆ ಬೆಳಿಗ್ಗೆ ಅವನ ವಾಟ್ಸಾಪ್ ಬಂದಿದೆ. 'ಹೋದ ಮಾರಾಯ.' ಅಷ್ಟೇ. ಮೂರು ವಾರ ಆಯ್ತು, ನಾನು ಉತ್ತರ ಕೊಡ್ಲಿಲ್ಲ. ಕೊಡ್ಬೇಕಾ? ಎಂತ ಬರೀಬೇಕು? ಮತ್ತೆ ಒಬ್ಬ ಇಂಗ್ಲಿಷ್ ಪಾಟಿನವನಿಗೆ ಈ ಪ್ರಾಯದಲ್ಲಿ ಅಳೋದು ಮರ್ಲಾ, ಹುಚ್ಚಾ? ನನ್ನ ಅಪ್ಪ ತೀರಿಹೋದಾಗ ಅವ ಒಂದು ಫೋನೂ ಮಾಡಿರ್ಲಿಲ್ಲ."

ನೋಡಿ, ಮೊದ್ಲೇ ಹೇಳಿಬಿಡ್ತೇನೆ, ನನಗೆ ಈ ಗಿಟಾರಿನ ಗಲಾಟೆ ಆಗಿ ಬರುವುದಿಲ್ಲ, ನಿಮ್ಮ ಪತ್ರ ಬಂದ ಮೇಲೆ ಮಗಳತ್ರ ಹೇಳಿ ಹಾಕಿಸಿ ಕೇಳಿದೆ, ಎರಡನೇ ಹಾಡಿಗೆ ನಿಲ್ಲಿಸಿದೆ. ಆದ್ರೆ ಜುಲೈ 5ರ ಅವನ ಆ ಕೊನೆಯ ಕಾರ್ಯಕ್ರಮದ ವಿಡಿಯೋ ಮಾತ್ರ ನೋಡ್ತಾ ಕೂತೆ. ಪಾರ್ಕಿನ್ಸನ್ ಕಾಯಿಲೆ ಉಂಟು ಅಂತ 2020ರಲ್ಲೇ ಹೇಳಿಕೊಂಡಿದ್ದ ಮನುಷ್ಯ, ನಿಂತು ಹಾಡ್ಲಿಕ್ಕೆ ಆಗದೆ ಒಂದು ಕರಿ ಸಿಂಹಾಸನದಲ್ಲಿ ಕೂತಿದ್ದಾನೆ, ಎದ್ದೇಳ್ಬೇಕು ಅಂತ ಇಡೀ ಮೈ ಹೇಳ್ತಾ ಉಂಟು, ಕಾಲು ಕೇಳುವುದಿಲ್ಲ, ಕೈ ಮಾತ್ರ ಜನರ ಕಡೆ ಬೀಸ್ತಾ ಇದ್ದಾನೆ. ಬರ್ಮಿಂಗ್‌ಹ್ಯಾಮಿನ ವಿಲ್ಲಾ ಪಾರ್ಕ್ ಸ್ಟೇಡಿಯಂ ಅದು, ಆ್ಯಸ್ಟನ್‌ನಲ್ಲಿ ಅವ ಬೆಳೆದ ಬೀದಿಗಳ ಪಕ್ಕದಲ್ಲೇ. ಅಲ್ಲಿಂದ 17ನೇ ದಿನಕ್ಕೆ ಹೋದ, 76 ವರ್ಷ.

ಬಾವಲಿ ಕತೆ ನಿಜವೇ, 1982ರ ಜನವರಿ, ಅಮೆರಿಕದ ಡೆಮೊಯ್ನ್ ಊರಲ್ಲಿ ಯಾರೋ ಸ್ಟೇಜಿಗೆ ಬಿಸಾಡಿದ್ದು, ರಬ್ಬರಿನದ್ದು ಅಂತ ಗ್ರಹಿಸಿ ಕಚ್ಚಿದೆ ಅಂತ ಅವನೇ ಹೇಳಿಕೊಂಡದ್ದು, ಆಮೇಲೆ ಹುಚ್ಚುನಾಯಿ ಕಚ್ಚಿದವರಿಗೆ ಕೊಡುವ ಇಂಜೆಕ್ಷನ್ನೂ ತೆಗೊಂಡ. ಭಾವ ಇನ್ನೊಮ್ಮೆ ತಮಾಷೆ ಮಾಡಿದ್ರೆ ಹೇಳಿ, ವರ್ಷ ವರ್ಷ ನಮ್ಮ ಹಣ್ಣಡಿಕೆ ಚೀಪಿ ಬಿಸಾಡ್ತಾವಲ್ಲ ಆ ಬಾವಲಿಗಳಿಗೆ ತಿರುಗಿ ಕಚ್ಚಿದವ ಲೋಕದಲ್ಲಿ ಒಬ್ಬನಾದ್ರೂ ಇದ್ದ ಅಂತ.

ಮರ್ಲಾ ಅಂತ ಕೇಳಿದ್ರಿ. 2023ರ ಫೆಬ್ರವರಿಯಲ್ಲಿ ಯಕ್ಷಗಾನದ ಬಲಿಪ ನಾರಾಯಣ ಭಾಗವತರು ಹೋದ್ರಲ್ಲ, ನಿಮ್ಮ ಪೆರ್ಲದ ಹತ್ರ ಪಡ್ರೆಯಲ್ಲಿ ಹುಟ್ಟಿದವರೇ, ಆವತ್ತು ನಮ್ಮ ಮಾವ ಮಧ್ಯಾಹ್ನ ಊಟಕ್ಕೆ ಏಳ್ಲಿಲ್ಲ. ಹಳೇ ಟೇಪ್‌ರೆಕಾರ್ಡರ್ ತೆಗೆದು ಕ್ಯಾಸೆಟ್ ಹಾಕಿದ್ರು, ಬೆಲ್ಟು ಸಡಿಲ ಆಗಿ ಭಾಗವತರ ಆ ಏರು ಸ್ವರ ಎಲ್ಲ ಎಳೆದು ಎಳೆದು ಬರ್ತಿತ್ತು, ಮಾವ ಅದನ್ನೇ ಕೇಳ್ತಾ ಕಣ್ಣು ಒರೆಸ್ತಾ ಇದ್ರು. ಮನೆಯಲ್ಲಿ ಯಾರೂ ನಗಾಡ್ಲಿಲ್ಲ, ಅತ್ತೆ ಚಾ ಮಾಡಿ ಹತ್ರ ಇಟ್ಟು ಬಂದ್ರು. ಮಾವ ಜನ್ಮದಲ್ಲಿ ಭಾಗವತರ ಹತ್ರ ಕೂತು ಮಾತಾಡಿದವರಲ್ಲ, ಆಟದ ಗದ್ದೆಯಲ್ಲಿ ಚಾಪೆ ಮೇಲೆ ಕೂತು ಕೇಳಿದ್ದು ಮಾತ್ರ. ಅವರದ್ದು ಕಲಾಭಿಮಾನ, ನಿಮ್ಮದು ಮರ್ಲ್, ಯಾಕೆ ಹೇಳಿ, ಚೆಂಡೆಯಾದ್ರೆ ನಮ್ಮವರಿಗೆ ಅರ್ಥ ಆಗ್ತದೆ, ಡ್ರಮ್ಸ್ ಆಗುವುದಿಲ್ಲ.

ಕಷ್ಟ ಎಲ್ಲಿ ಅಂದ್ರೆ ನಮ್ಮಲ್ಲಿ ಸಾವಾದ ಮನೆಗೆ ಜನ ಮಾತಾಡಿಸ್ಲಿಕ್ಕೆ ಬರ್ತಾರೆ. ಬಂದು ದೊಡ್ಡದೇನೂ ಹೇಳುವುದಿಲ್ಲ, ಹೇಗಾಯ್ತು, ಎಷ್ಟು ಗಂಟೆಗೆ, ನೀರು ಕುಡಿದಿದ್ರಾ ಅಂತ ಕೇಳ್ತಾರೆ, ಸ್ವಲ್ಪ ಹೊತ್ತು ಚಾವಡಿಯಲ್ಲಿ ಕೂತು ಹೋಗ್ತಾರೆ. ಬರ್ಮಿಂಗ್‌ಹ್ಯಾಮಲ್ಲೂ ಜುಲೈ 30ಕ್ಕೆ ಅವನ ಶವಯಾತ್ರೆಯಲ್ಲಿ ಅದೇ ಆದದ್ದು, ಬ್ರಾಡ್ ಸ್ಟ್ರೀಟಲ್ಲಿ ಸಾವಿರಗಟ್ಟಲೆ ಜನ ನಿಂತಿದ್ರು, ಅವರ ಬ್ಯಾಂಡಿನದ್ದೇ ಹೆಸರಿಟ್ಟ ಸೇತುವೆ ಹತ್ರ ಗಾಡಿ ನಿಂತಿತು, ಮನೆಯವರು ಇಳಿದು ಜನ ತಂದಿಟ್ಟ ಹೂವು ನೋಡಿದ್ರು, ಗುರ್ತ ಇಲ್ಲದವರು ಒಬ್ಬರ ಹೆಗಲಿಗೆ ಒಬ್ಬರು ಒರಗಿ ಅತ್ರು. ಪೆರ್ಲದಲ್ಲಿ ನಿಮ್ಮನ್ನು ಮಾತಾಡಿಸ್ಲಿಕ್ಕೆ ಬರುವವರು ಯಾರು? ಸೂತಕ ಇಲ್ಲ, ಉತ್ತರಕ್ರಿಯೆಯ ಬೊಜ್ಜ ಇಲ್ಲ, ಪಂಪ್‌ಶೆಡ್ ಒಂದು ಉಂಟು.

ಆದ್ರೆ ಒಬ್ಬ ಬಂದಿದ್ದಾನೆ. ಮೂರು ವಾರದಿಂದ ನಿಮ್ಮ ಫೋನಿನ ಜಗಲಿಯಲ್ಲಿ ಕೂತಿದ್ದಾನೆ, ನೀವು ಒಳಗಿಂದ ನೋಡಿದ್ದೀರಿ ಅಂತ ನೀಲಿ ಗೆರೆಯಲ್ಲಿ ಅವನಿಗೂ ಗೊತ್ತುಂಟು.

ನೀವು ಪತ್ರದಲ್ಲಿ 60 ಸಾವಿರಕ್ಕೆ ಒಂದು ಸಾಲು ಕೊಟ್ಟಿದ್ದೀರಿ, ಅಪ್ಪನ ವಿಷಯ ಎಲ್ಲ ಮುಗಿದ ಮೇಲೆ ಕೊನೆಗೆ ಸಿಕ್ಕಿಸಿದ್ದೀರಿ. ನನಗೆ ಓದುವಾಗ ಅದೇ ಚುಚ್ಚಿತು. ನಮ್ಮೂರಲ್ಲಿ ಜಾಗದ ತಕರಾರಲ್ಲಿ ಕೋರ್ಟಿಗೆ ಹೋದವರೂ ಸಾವಿನ ಮನೆಗೆ ಬಂದು ಹೋಗ್ತಾರೆ, ಇವ ಬರ್ಲಿಲ್ಲ, ದುಡ್ಡಿಗಿಂತ ಅದು ದೊಡ್ಡ ಬಾಕಿ. ದುಡ್ಡು ಕೊಡದೆ ಯಾವ ಮುಖ ತೆಗೊಂಡು ಬರುವುದು ಅಂತ ಹಿಂಜರಿದಿರಬಹುದು, ಅಥವಾ ಅವನಿಗೆ ಯಾರೂ ಹೇಳದೆಯೂ ಇರಬಹುದು, ಗಲ್ಫಲ್ಲಿ ಇದ್ದವರಿಗೆ ಊರಿನ ಸುದ್ದಿ ಎಲ್ಲ ಮುಟ್ಟುವುದಿಲ್ಲ. ಅವನ ಪರ ವಕಾಲತ್ತು ಅಂತ ತಿಳ್ಕೊಳ್ಬೇಡಿ, ತಪ್ಪು ತಪ್ಪೇ. ಆದ್ರೆ ನೀವು ಅವನತ್ರ ಕೇಳ್ಲೇ ಇಲ್ಲ ಅಲ್ವಾ.

ನಿಮ್ಮ ಬ್ಯಾಂಡಿನವರ ಕತೆ ನನಗಿಂತ ನಿಮಗೆ ಚೆನ್ನಾಗಿ ಗೊತ್ತು. 1979ರಲ್ಲಿ ಉಳಿದವರು ಸೇರಿ ಓಝಿಯನ್ನೇ ಹೊರಗೆ ಹಾಕಿದ್ರು. ಮತ್ತೆ ಕೂಡಿದ್ರು, ಮತ್ತೆ ಬಿಟ್ರು. 2012ರಲ್ಲಿ ಡ್ರಮ್ಮರ್ ಬಿಲ್ ವಾರ್ಡ್ ಕಾಂಟ್ರಾಕ್ಟ್ ಸರಿ ಇಲ್ಲ ಅಂತ ಸಹಿ ಹಾಕ್ಲಿಲ್ಲ, 2013ರ ಆಲ್ಬಮ್ಮಲ್ಲೂ ಅವ ಇಲ್ಲ, 2017ರಲ್ಲಿ ಇದೇ ಕೊನೆ ಅಂತ ಬರ್ಮಿಂಗ್‌ಹ್ಯಾಮಲ್ಲಿ ಬಾರಿಸಿದಾಗ್ಲೂ ಇಲ್ಲ. ಮತ್ತೆ 2025ರ ಜುಲೈ 5ಕ್ಕೆ, ನಾಲ್ಕೂ ಜನಕ್ಕೆ 75 ದಾಟಿದ ಮೇಲೆ, 20 ವರ್ಷಗಳಲ್ಲಿ ಮೊದಲ ಸಲ ನಾಲ್ಕೂ ಜನ ಒಂದೇ ಸ್ಟೇಜಲ್ಲಿ. ನಾಲ್ಕೇ ಹಾಡು ಬಾರಿಸಿದ್ದು. ನಿಮ್ಮ ಗೆಳೆಯ ಅದನ್ನು ನೋಡದೆ ಇರ್ತಾನಾ? ನನಗೇನೋ ಆ ಎರಡು ಶಬ್ದ ಅವ ಜುಲೈ 5ರಿಂದಲೇ ಬಾಯಲ್ಲಿ ಇಟ್ಕೊಂಡಿದ್ದ ಅಂತ ಕಾಣ್ತದೆ, ಕಳಿಸ್ಲಿಕ್ಕೆ ಒಂದು ನೆಪ ಬೇಕಿತ್ತು.

ಹಾಗಾಗಿ ಉತ್ತರ ಕೊಡಿ. ಆದ್ರೆ ಮೂರು ವಿಷಯ ಒಂದೇ ಡ್ರಮ್ಮಿಗೆ ಹಾಕ್ಬೇಡಿ, ಮೊನ್ನೆ ಸುಣ್ಣ ಹೊಯ್ದ ಹಾಗೆ ಒಡೆದು ಹೋಗ್ತದೆ. ಮೊದಲ ಮೆಸೇಜಲ್ಲಿ ಓಝಿ ಮಾತ್ರ. ದುಡ್ಡೂ ಬೇಡ, ಅಪ್ಪನೂ ಬೇಡ, ಲೇಟಾದ್ದಕ್ಕೆ ಸಾರಿಯೂ ಬೇಡ. ಮಾತು ಸ್ವಲ್ಪ ನಡೆದ ಮೇಲೆ, ಒಂದು ವಾರವೋ ಹತ್ತು ದಿನವೋ, ಫೋನ್ ಮಾಡಿ ಬಾಯಲ್ಲೇ ಹೇಳಿ, ಅಪ್ಪ ಹೋದಾಗ ನೀನು ಬರ್ತೀ ಅಂತ ಗ್ರಹಿಸಿದ್ದೆ ಮಾರಾಯ ಅಂತ. ಟೈಪ್ ಮಾಡಿ ಕಳಿಸುವ ವಿಷಯ ಅಲ್ಲ ಅದು, ಟೈಪ್ ಮಾಡಿದ್ರೆ ವಕೀಲರ ನೋಟಿಸಿನ ಹಾಗೆ ಕೇಳ್ತದೆ. ಅವ ಏನೂ ಹೇಳದೆ ಫೋನ್ ಇಟ್ರೆ ಇಡ್ಲಿ, ನಿಮ್ಮದು ನೀವು ಹೇಳಿದ ಹಾಗಾಯ್ತು. ದುಡ್ಡು ಬೇಕಾದ್ರೆ ಆಮೇಲೆ ನೇರ ಕೇಳಿ, ಬೇಡ ಅಂತಾದ್ರೆ ಹೆಂಡತಿ ಹತ್ರ ಕೂತು ಮಾತಾಡಿ ಬಿಟ್ಟುಬಿಡಿ, ಯಾಕಂದ್ರೆ ಅದು ಅವಳ ಮನೆಯ ದುಡ್ಡೂ ಹೌದು.

ಹೆಂಡತಿ ಅಂದಾಗ ನೆನಪಾಯ್ತು, ಅವಳು ನಗಾಡಿದ್ದನ್ನು ನೀವು ಹಿಡ್ಕೊಂಡಿದ್ದೀರಿ. ಅದಕ್ಕಿಂತ ಮೊದ್ಲು ಅವಳು ಓಡಿ ಬಂದದ್ದು ನೀವೇ ಬರೆದದ್ದು. ಗಂಡ ಪಂಪ್‌ಶೆಡ್ಡಿನ ಹಿಂದೆ ಕೂತು ಅಳ್ತಾ ಇದ್ರೆ ಮೊದ್ಲು ತಲೆಗೆ ಬರುವುದು ಕರೆಂಟ್ ಶಾಕಾ, ಹಾವಾ, ಬ್ಯಾಂಕಿನವರಾ ಅಂತ. ಏನೂ ಆಗಿಲ್ಲ ಅಂತ ಗೊತ್ತಾದಾಗ ಬಂದ ನಗೆ ಅದು, ನಾನಾದ್ರೂ ನಗಾಡ್ತಿದ್ದೆ. ಅವಳಿಗೆ ಹಾಡು ಕೇಳಿಸ್ಲಿಕ್ಕೆ ಹೋಗ್ಬೇಡಿ, ನನ್ನ ಹಾಗೆ ಎರಡನೇದಕ್ಕೆ ನಿಲ್ಲಿಸ್ತಾಳೆ. ಹಾಸ್ಟೆಲಿನ ಆ ವಾಕ್‌ಮನ್ ಕತೆ ಹೇಳಿ, ಯಾವ ಕಿವಿ ನಿಮ್ಮದು, ಯಾವುದು ಅವನದ್ದು ಅಂತ. 60 ಸಾವಿರ ಕೊಟ್ಟದ್ದು ಅವಳಿಗೆ ಗೊತ್ತಿರ್ತದೆ, ಯಾರಿಗೆ ಕೊಟ್ಟದ್ದು ಅಂತ ಬಹುಶಃ ಗೊತ್ತಿಲ್ಲ.

ಎಂತ ಬರೀಬೇಕು ಅಂತ ಕೇಳಿದ್ರಲ್ಲ. ಅವ ಎರಡು ಶಬ್ದ ಬರೆದಿದ್ದಾನೆ, ನೀವೂ ಅಷ್ಟೇ ಬರೀರಿ. "ಹೌದು ಮಾರಾಯ, ಮದ್ದಿಗೆ ಸುಣ್ಣ ಉಲ್ಟಾ ಹೊಯ್ದೆ" ಅಂತ ಇನ್ನೊಂದು ಸಾಲು ಸೇರಿಸಿದ್ರೂ ಅಡ್ಡಿಲ್ಲ, ಅವನೂ ನಮ್ಮ ಕಡೆಯವನೇ ಆಗಿದ್ರೆ ಎಷ್ಟು ಅತ್ತಿದ್ದೀರಿ ಅಂತ ಅದರಲ್ಲೇ ಅಳೆದುಕೊಳ್ತಾನೆ. ಮಳೆ ನೋಡಿದ್ರೆ ಮೂರನೇ ಮದ್ದೂ ಬಿಡ್ಬೇಕಾದೀತು ಈ ವರ್ಷ, ಅದಕ್ಕೆ ಜನ ಬರುವ ಮೊದ್ಲು ಕಳಿಸಿ.