ಅಮ್ಮನ ಕಣ್ಣಿಗೆ ನಾನೇ ಕಳ್ಳಿ

ಪ್ರಶ್ನೆ: ಅಮ್ಮನಿಗೆ 76 ವರ್ಷ, ಆಲ್ಝೈಮರ್ಸ್ ಅನ್ನೋ ಮರೆವಿನ ಕಾಯಿಲೆ ಇದೆ. ಪರ್ಸನ್ನು ತಾವೇ ದಿಂಬಿನ ಕವರಿನೊಳಗೆ ತುರುಕಿಟ್ಟು, ನಾನು ಕದ್ದೆ ಅಂತಾರೆ. ಬಂದವರ ಎದುರಿಗೂ ಅಂತಾರೆ. ರಾತ್ರಿಯೆಲ್ಲ ಎದ್ದೆದ್ದು ಬಾಗಿಲು ತೆಗೆಯಲು ಹೋಗುತ್ತಾರೆ. ಬೇರೆ ಊರಿನಲ್ಲಿರುವ ಅಣ್ಣ ಫೋನಿನಲ್ಲಿ "ಸ್ವಲ್ಪ ತಾಳ್ಮೆ ಇರಲಿ" ಅಂತಾನೆ. ಒಮ್ಮೊಮ್ಮೆ ಇದೆಲ್ಲ ಬೇಗ ಮುಗಿದರೆ ಸಾಕು ಅನ್ನಿಸುತ್ತೆ. ಆಮೇಲೆ ಊಟ ಸೇರಲ್ಲ. ನಾನು ಕೆಟ್ಟ ಮಗಳಾ?
– ಹೆಸರು ಬೇಡ

ಉತ್ತರ: ಖಂಡಿತ ಅಲ್ಲ. ನಿಮ್ಮ ಜಾಗದಲ್ಲಿದ್ದು ಹಾಗೆ ಅನ್ನಿಸದವರು ಕಡಿಮೆ, ಬಾಯಿಬಿಟ್ಟು ಹೇಳುವವರು ಇನ್ನೂ ಕಡಿಮೆ. ಆದರೆ ಊಟ ಸೇರದಿರುವುದು, ಮನಸ್ಸು ಕುಗ್ಗುವುದು ಎರಡು ವಾರ ದಾಟಿದರೆ ಡಾಕ್ಟರ ಹತ್ತಿರ ನಿಮ್ಮ ವಿಷಯವನ್ನೂ ಹೇಳಿ.

ಈಗ ಪರ್ಸಿನ ಕಥೆ. 1906ರಲ್ಲಿ ಡಾ. ಆಲ್ಝೈಮರ್ ಈ ಕಾಯಿಲೆಯನ್ನು ಮೊದಲ ಸಲ ವಿವರಿಸಿದಾಗ, ಅವರ ರೋಗಿಗೆ ಶುರುವಿನಲ್ಲೇ ಕಾಣಿಸಿಕೊಂಡಿದ್ದು ಗಂಡನ ಮೇಲಿನ ಅನುಮಾನ. ಹತ್ತಿರ ಇರುವವರ ಮೇಲೇ ಇದು ತಿರುಗುತ್ತದೆ. ಪರ್ಸ್ ಇಟ್ಟಿದ್ದು ಅಮ್ಮನಿಗೆ ನೆನಪಿಲ್ಲ. ಸಿಗದಿದ್ದರೆ ಯಾರೋ ತೆಗೆದಿರಬೇಕು. ಮನೆಯಲ್ಲಿ ಇರುವುದು ನೀವು. ಅವರ ಲೆಕ್ಕ ಸರಿಯಾಗಿಯೇ ಇದೆ, ಅಲ್ವಾ?

"ನಾನ್ಯಾಕೆ ಕದೀಲಿ" ಅಂತ ವಾದಕ್ಕಿಳಿದರೆ ಗಲಾಟೆ ಜಾಸ್ತಿಯಾಗುತ್ತದೆ ಅಷ್ಟೇ. "ಅಯ್ಯೋ, ಕಾಣ್ತಿಲ್ವಾ? ಬಾಮ್ಮಾ, ಹುಡುಕೋಣ" ಅನ್ನಿ. ದಿಂಬಿನ ತನಕ ಕರೆದುಕೊಂಡು ಹೋಗಿ, ಆದರೆ ಪರ್ಸ್ ಅವರ ಕೈಗೇ ಸಿಗಲಿ. ನೀವು ತೆಗೆದುಕೊಟ್ಟರೆ "ನೋಡು, ನಿನ್ನ ಹತ್ರಾನೇ ಇತ್ತು" ಅಂತಾರೆ. ಅದು ಸಿಗದ ದಿನಕ್ಕೆ ಅಂತ ಅಂಥದ್ದೇ ಇನ್ನೊಂದು ಪರ್ಸಿಗೆ ಒಂದಿಷ್ಟು ಚಿಲ್ಲರೆ ಹಾಕಿ ಇಟ್ಟುಕೊಳ್ಳಿ. ಬರುವವರಿಗೆ ಕಾಯಿಲೆಯ ವಿಷಯ ಮೊದಲೇ ಹೇಳಿಬಿಡಿ.

ನಿಮ್ಮ ಪತ್ರದಲ್ಲಿ ನನಗೆ ಹೆಚ್ಚು ದಿಗಿಲಾಗಿದ್ದು ಆ ರಾತ್ರಿಗಳ ಬಗ್ಗೆ. ನಿದ್ದೆಗೆಟ್ಟವರಿಗೆ ತಾಳ್ಮೆ ಎಲ್ಲಿಂದ ಬರಬೇಕು! ಹಗಲು ಅಮ್ಮನನ್ನು ಬೆಳಕಿನಲ್ಲಿ ಸ್ವಲ್ಪ ಓಡಾಡಿಸಿ, ಮಧ್ಯಾಹ್ನದ ನಿದ್ದೆ ಉದ್ದವಾಗದಂತೆ ನೋಡಿಕೊಳ್ಳಿ. ಬಚ್ಚಲಿಗೆ ಹೋಗುವ ದಾರಿಯಲ್ಲಿ ಸಣ್ಣ ದೀಪ ಉರಿಯಲಿ. ಬಾಗಿಲು ತೆಗೆದರೆ ಸದ್ದಾಗುವ ಗಂಟೆ ಕಟ್ಟಿ. ನಿದ್ದೆ ಮಾತ್ರೆಯನ್ನು ನೀವಾಗಿ ಕೊಡಬೇಡಿ, ಗೊಂದಲವೂ ಹೆಚ್ಚುತ್ತದೆ, ಬೀಳುವ ಭಯವೂ ಹೆಚ್ಚುತ್ತದೆ. ಒಂದೆರಡು ದಿನದಲ್ಲಿ ಇದ್ದಕ್ಕಿದ್ದಂತೆ ತೀರಾ ಗೊಂದಲವಾದರೆ ಮೂತ್ರದ ಸೋಂಕೋ ಹೊಸ ಮಾತ್ರೆಯೋ ಕಾರಣವಿರಬಹುದು, ಬೇಗ ತೋರಿಸಿ.

ಇನ್ನು ಅಣ್ಣ. "ಸ್ವಲ್ಪ ಸಹಾಯ ಮಾಡು" ಅಂದರೆ "ಆಯ್ತು" ಅಂತಾನೆ, ಅಲ್ಲಿಗೆ ಮುಗೀತು. ತಿಂಗಳಲ್ಲಿ ಇಂಥ ದಿನ, ಇಷ್ಟು ರಾತ್ರಿ ನಿನ್ನದು ಅಂತ ತಾರೀಕು ಹಾಕಿ ಹೇಳಿ. ಬರಲು ಆಗದಿದ್ದರೆ ರಾತ್ರಿ ನೋಡಿಕೊಳ್ಳುವವರ ಸಂಬಳ ಅವನ ಜೇಬಿನಿಂದ ಬರಲಿ. ಬಂದರೆ ಆ ರಾತ್ರಿ ನೀವು ಮನೆಯಲ್ಲಿ ಮಲಗಬೇಡಿ. ಮಲಗಿದರೆ ಅಮ್ಮನೂ ನಿಮ್ಮನ್ನೇ ಕೂಗುತ್ತಾರೆ, ಅಣ್ಣನೂ ನಿಮ್ಮನ್ನೇ ಎಬ್ಬಿಸುತ್ತಾನೆ.