ಗಾಡಿ ಪ್ರಶ್ನೋತ್ತರ: ಇಂಡಿಕೇಟರ್ ಹಾಕಿದರೆ ಡೀಸೆಲ್ ಮುಳ್ಳು ಕುಣಿಯುತ್ತೆ, ಯಾಕೆ?

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಪಿಕಪ್ ಗಾಡಿಯವರದ್ದು. ಅದರಲ್ಲೂ ಮೀಟರ್ ಬೋರ್ಡು, ಲೈಟು, ಬ್ಯಾಟರಿ ತಂಟೆಯೇ ಜಾಸ್ತಿ. ಮಳೆಗಾಲ ಮುಗಿಯೋ ಹೊತ್ತಿಗೆ ಪ್ರತಿ ವರ್ಷ ಹೀಗೇ. ಬೈಕು, ಕಾರಿನವರು ಬೇಜಾರು ಮಾಡಿಕೊಳ್ಳದೆ ಮುಂದಿನ ಸಂಚಿಕೆವರೆಗೆ ಕಾಯಬೇಕು.

ಪ್ರಶ್ನೆ: ಮದ್ದೂರಿನವನು ನಾನು. ಎಳನೀರು ಲೋಡು ಹೊಡೆಯೋ ಪಿಕಪ್, ಒಂಬತ್ತು ವರ್ಷ ಹಳೇದು. ಇಂಡಿಕೇಟರ್ ಹಾಕಿದರೆ ಟಿಕ್ ಟಿಕ್ ತಾಳಕ್ಕೆ ಸರಿಯಾಗಿ ಡೀಸೆಲ್ ಮುಳ್ಳು ಕುಣಿಯುತ್ತೆ. ರಾತ್ರಿ ಹೆಡ್‌ಲೈಟ್ ಹಾಕಿದರೆ ಟೆಂಪರೇಚರ್ ಮುಳ್ಳು ಮೇಲೇರುತ್ತೆ, ಆಫ್ ಮಾಡಿದರೆ ಇಳಿಯುತ್ತೆ. ಎಲೆಕ್ಟ್ರಿಷಿಯನ್ ಸೆಕೆಂಡ್ ಹ್ಯಾಂಡ್ ಮೀಟರ್ ಬೋರ್ಡ್ ತಂದು ಹಾಕಿದರು, ಏನೂ ವ್ಯತ್ಯಾಸ ಇಲ್ಲ. ಈಗ ಟ್ಯಾಂಕಿನಲ್ಲಿ ಡೀಸೆಲ್ ಮಟ್ಟ ಅಳೆಯೋ ಫ್ಲೋಟೂ ಟೆಂಪರೇಚರ್ ಸೆನ್ಸರೂ ಎರಡೂ ಬದಲಾಯಿಸೋಣ ಅಂತಿದ್ದಾರೆ. ಹಾಕಿಸಲಾ? ಎಂಜಿನ್ ಚೆನ್ನಾಗಿದೆ. ಎರಡು ತಿಂಗಳ ಹಿಂದೆ ಎಫ್‌ಸಿಗೆ (ಫಿಟ್‌ನೆಸ್ ಸರ್ಟಿಫಿಕೇಟಿಗೆ) ಅಂತ ಪೇಂಟ್ ಮಾಡಿಸಿದ್ದೆ, ಆಮೇಲೆ ಶುರುವಾದ ತೊಂದರೆ ಇದು.

ಉತ್ತರ: ಬೇಡ, ಹಾಕಿಸಬೇಡಿ. ನೆಗಡಿ ಬಂತು ಅಂತ ಮೂಗು ಕೊಯ್ದ ಹಾಗಾಗುತ್ತೆ. ನಿಮ್ಮ ಪತ್ರದ ಕೊನೇ ಸಾಲಿನಲ್ಲೇ ಉತ್ತರ ಇದೆ, ಪೇಂಟ್.

ಮುಳ್ಳಿನ ತೊಂದರೆ ಬಂದಾಗ ಕೇಳಬೇಕಾದ ಮೊದಲ ಪ್ರಶ್ನೆ, ಕೆಟ್ಟಿರೋದು ಒಂದೇ ಮುಳ್ಳಾ, ಎಲ್ಲಾ ಮುಳ್ಳೂನಾ? ಒಂದೇ ಆದರೆ ಆ ಮುಳ್ಳಿಗೆ ಸುದ್ದಿ ಕಳಿಸೋ ಸೆನ್ಸರ್ ಕಡೆ, ಇಲ್ಲವೇ ಅದರ ವೈರ್ ಕಡೆ ನೋಡಬೇಕು. ಎರಡು ಮೂರು ಒಟ್ಟಿಗೇ ಹುಚ್ಚಾಟ ಆಡಿದರೆ ಅವೆಲ್ಲಕ್ಕೂ ಸೇರಿದ್ದು ಯಾವುದೋ ಅದು ಕೆಟ್ಟಿದೆ. ಅಂದರೆ ಮೀಟರಿನ ಫ್ಯೂಸು, ಅಥವಾ ಅರ್ತಿಂಗು. ಡೀಸೆಲ್ ಫ್ಲೋಟು, ಟೆಂಪರೇಚರ್ ಸೆನ್ಸರು ಎರಡೂ ಒಂದೇ ವಾರದಲ್ಲಿ ಮಾತಾಡಿಕೊಂಡು ಕೆಡೋದಿಲ್ಲ ಅಲ್ವಾ? ಅದೂ ಇಂಡಿಕೇಟರ್ ತಾಳಕ್ಕೆ!

ಬ್ಯಾಟರಿಯಿಂದ ಕರೆಂಟು ವೈರಿನಲ್ಲಿ ಹೋಗುತ್ತೆ, ವಾಪಸ್ ಬರೋದು ಗಾಡಿಯ ಕಬ್ಬಿಣದಲ್ಲೇ. ಅದಕ್ಕೆ ಅಲ್ಲಲ್ಲಿ ಬಾಡಿಗೆ ಒಂದು ಬೋಲ್ಟ್ ಹಾಕಿ ಕಪ್ಪು ವೈರ್ ಬಿಗಿದಿರುತ್ತಾರೆ, ಅದೇ ಅರ್ತಿಂಗು. ಹಲವು ಗಾಡಿಗಳಲ್ಲಿ ಮೀಟರ್ ಬೋರ್ಡಿಗೂ ಮುಂದಿನ ಲೈಟುಗಳಿಗೂ ಒಂದೇ ಬೋಲ್ಟು. ಆ ಬೋಲ್ಟಿನ ಕೆಳಗೆ ತುಕ್ಕೋ ಪೇಂಟೋ ಸೇರಿದರೆ ವಾಪಸ್ ದಾರಿ ಇಕ್ಕಟ್ಟಾಗುತ್ತೆ. ಲೆಕ್ಕ ನೋಡಿ: 55 ವ್ಯಾಟಿನ ಎರಡು ಹೆಡ್‌ಲೈಟ್ ಅಂದರೆ 110 ವ್ಯಾಟ್, 12 ವೋಲ್ಟಿನಲ್ಲಿ ಸುಮಾರು 9 ಆಂಪಿಯರ್. ಬೋಲ್ಟಿನ ಬುಡದಲ್ಲಿ ಬರೀ 0.1 ಓಮ್ ಅಡ್ಡಿ ಇದ್ದರೂ ಹತ್ತಿರ ಹತ್ತಿರ 1 ವೋಲ್ಟ್ ಅಲ್ಲೇ ಸಿಕ್ಕಿಕೊಳ್ಳುತ್ತೆ. ಮೀಟರು ತನ್ನ ಸೊನ್ನೆಯನ್ನು ಅಳೆಯೋದು ಅದೇ ಬೋಲ್ಟಿನಿಂದ. ಸೊನ್ನೆಯೇ 1 ವೋಲ್ಟ್ ಮೇಲೆದ್ದರೆ ಮುಳ್ಳು ಪಾಪ ಏನು ಮಾಡೀತು? ಇಂಡಿಕೇಟರ್ ಬಲ್ಬ್ ಹತ್ತಿ ಆರಿದ ಹಾಗೆಲ್ಲ ಆ ಸೊನ್ನೆ ಏರಿ ಇಳಿಯುತ್ತೆ, ಮುಳ್ಳು ಅದಕ್ಕೆ ತಕ್ಕ ಹಾಗೆ ಕುಣಿಯುತ್ತೆ.

ಮೊದಲು ಪರೀಕ್ಷೆ ಮಾಡಿ. ಒಂದು ಉದ್ದನೆ ದಪ್ಪ ವೈರ್ ತಗೊಂಡು ಒಂದು ತುದಿ ಬ್ಯಾಟರಿ ನೆಗೆಟಿವ್‌ಗೆ, ಇನ್ನೊಂದು ತುದಿ ಡ್ಯಾಶ್‌ಬೋರ್ಡ್ ಕೆಳಗಿನ ಅರ್ತಿಂಗ್ ವೈರಿನ ರಿಂಗಿಗೆ ಹಿಡಿಯಿರಿ. ಇಂಡಿಕೇಟರ್ ಹಾಕಿ. ಮುಳ್ಳು ಕುಣಿಯೋದು ನಿಂತರೆ ಕಳ್ಳ ಸಿಕ್ಕ. ಮಲ್ಟಿಮೀಟರ್ ಇದ್ದರೆ ಇನ್ನೂ ಖಚಿತ. 20 ವೋಲ್ಟ್ ಡಿಸಿಗೆ ಇಟ್ಟು, ಕಪ್ಪು ಕಡ್ಡಿ ಬ್ಯಾಟರಿ ನೆಗೆಟಿವ್ ಮೇಲೆ, ಕೆಂಪು ಕಡ್ಡಿ ಆ ರಿಂಗಿನ ಮೇಲೆ, ಲೈಟೆಲ್ಲ ಆನ್. 0.2 ವೋಲ್ಟಿಗಿಂತ ಜಾಸ್ತಿ ತೋರಿಸಿದರೆ ಕ್ಲೀನ್ ಮಾಡಲೇಬೇಕು.

ಕ್ಲೀನ್ ಅಂದರೆ ಬಟ್ಟೆಯಲ್ಲಿ ಒರೆಸೋದಲ್ಲ. ಬ್ಯಾಟರಿ ನೆಗೆಟಿವ್ ಬಿಚ್ಚಿಡಿ. ಬೋಲ್ಟ್ ಪೂರ್ತಿ ತೆಗೆದು, ರಿಂಗಿನ ಎರಡೂ ಮುಖ, ಬಾಡಿಯ ತಗಡು, ಬೋಲ್ಟಿನ ತಲೆಯ ಕೆಳಭಾಗ, ಎಲ್ಲವನ್ನೂ ಉಪ್ಪುಕಾಗದದಲ್ಲಿ ತಿಕ್ಕಿ. ಹೊಸ ಪಾತ್ರೆ ಥರ ಬಿಳೀ ಲೋಹ ಕಾಣಬೇಕು. ನಿಮ್ಮ ಗಾಡಿಯಲ್ಲಿ ರಿಂಗಿನ ಅಂಚಿನಲ್ಲಿ ಪೇಂಟಿನ ಒಂದು ತೆಳು ಪದರ ಉಗುರಿಗೆ ಸಿಗುತ್ತೆ ಅಂತ ನನ್ನ ಅಂದಾಜು. ಎಫ್‌ಸಿ ಪೇಂಟಿಗೆ ವೈರ್ ಬಿಚ್ಚುತ್ತಾರೆ, ಬೋಲ್ಟ್ ಜಾಗಕ್ಕೂ ಸ್ಪ್ರೇ ಹೊಡೀತಾರೆ, ಆಮೇಲೆ ಅದರ ಮೇಲೇ ಬಿಗಿದು ಕಳಿಸುತ್ತಾರೆ. ನೋಡೋಕೆ ಚೆಂದ, ಕರೆಂಟಿಗೆ ಗೋಡೆ. ಮತ್ತೆ ಬಿಗಿದ ಮೇಲೆ ಹೊರಗಿನಿಂದ ಸ್ವಲ್ಪ ವ್ಯಾಸಲೀನ್ ಅಥವಾ ಗ್ರೀಸ್ ಬಳಿಯಿರಿ, ನೀರು ಇಳಿಯಲ್ಲ.

ಇನ್ನೊಂದು ಅರ್ತಿಂಗ್ ಇದೆ, ಎಂಜಿನ್ನಿಗೂ ಚಾಸಿಗೂ ಮಧ್ಯೆ ಜಡೆ ಹೆಣೆದ ಹಾಗಿರೋ ತಾಮ್ರದ ಪಟ್ಟಿ. ಅದನ್ನೂ ನೋಡಿಬಿಡಿ. ನನ್ನ ಹಳೇ ಗಾಡಿಯಲ್ಲಿ ಅದು ತುಂಡಾಗಿತ್ತು. ಗೊತ್ತಾಗದೆ ಒಂದು ವರ್ಷದಲ್ಲಿ ಮೂರು ಕ್ಲಚ್ ಕೇಬಲ್ ಬದಲಾಯಿಸಿದೆ. ಕೇಬಲ್ ಕಂಪನಿಯನ್ನು ಬೈದುಕೊಂಡೇ ಓಡಾಡಿದೆ. ಒಂದು ಬೆಳಗ್ಗೆ ಸೆಲ್ಫ್ ಹೊಡೆದಾಗ ಕೇಬಲ್ಲಿನಿಂದ ಹೊಗೆ ಬಂತು, ಆಗ ತಲೆಗೆ ಹೋಯ್ತು. ಸೆಲ್ಫ್ ಮೋಟರಿನ ನೂರಾರು ಆಂಪಿಯರ್ ವಾಪಸ್ ಹೋಗೋಕೆ ಬೇರೆ ದಾರಿ ಇಲ್ಲದೆ ಕ್ಲಚ್ ಕೇಬಲ್ ಹಿಡಿದಿತ್ತು.

ಪ್ರಶ್ನೆ: ಪಾಂಡವಪುರದಿಂದ ಬಂಡಿಪಾಳ್ಯ ಮಾರ್ಕೆಟ್ಟಿಗೆ ತರಕಾರಿ ಹಾಕ್ತೀನಿ. ಟ್ಯಾಂಕ್ ಫುಲ್ ಇದ್ದರೂ ಖಾಲಿ ಇದ್ದರೂ ಡೀಸೆಲ್ ಮುಳ್ಳು ಅರ್ಧದಲ್ಲೇ ನಿಂತಿರುತ್ತೆ. ಬೇರೆ ಮುಳ್ಳೆಲ್ಲ ಸರಿ ಇವೆ. ಹೋದ ವಾರ ದಾರಿಯಲ್ಲೇ ಡೀಸೆಲ್ ಮುಗಿದು, ಟೊಮೆಟೊ ಲೋಡಿನ ಜೊತೆ ಒಂದೂವರೆ ಗಂಟೆ ನಿಂತಿದ್ದೆ.

ಉತ್ತರ: ನಿಮ್ಮದು ಮದ್ದೂರಿನವರ ಕೇಸಿಗೆ ಉಲ್ಟಾ. ಒಂದೇ ಮುಳ್ಳು, ಹಾಗಾಗಿ ಟ್ಯಾಂಕಿನ ಕಡೆ ನಡೀರಿ. ಟ್ಯಾಂಕಿನೊಳಗೆ ಒಂದು ಕಡ್ಡಿ, ಅದರ ತುದಿಗೆ ತೇಲೋ ಬೆಂಡು. ಬೆಂಡು ಏರಿಳಿದ ಹಾಗೆ ಒಂದು ಸಣ್ಣ ತಗಡಿನ ನಾಲಿಗೆ ರೆಸಿಸ್ಟರ್ ಪಟ್ಟಿಯ ಮೇಲೆ ಜಾರುತ್ತೆ, ಅಷ್ಟೇ ಅದರ ಕೆಲಸ. ಆ ಕಡ್ಡಿ ಬಾಗಿ ಎಲ್ಲೋ ಸಿಕ್ಕಿಕೊಂಡಿರಬಹುದು.

ಮುಳ್ಳಿನ ಹಳೇ ಮೀಟರ್ ಆದರೆ, ಕೀ ಆನ್ ಮಾಡಿ ಟ್ಯಾಂಕ್ ಮೇಲಿನ ಕಪ್ಲರ್, ಅಂದರೆ ವೈರ್ ಸೇರಿಸೋ ಪ್ಲಗ್ಗು, ಬಿಚ್ಚಿ. ಮುಳ್ಳು ಒಂದು ತುದಿಗೆ ಹೋಗಬೇಕು. ಆಮೇಲೆ ಆ ವೈರನ್ನು ಒಂದು ಸಣ್ಣ ಟೆಸ್ಟ್ ಲ್ಯಾಂಪ್ ಮೂಲಕ ಒಂದು ಕ್ಷಣ ಬಾಡಿಗೆ ಮುಟ್ಟಿಸಿ, ಇನ್ನೊಂದು ತುದಿಯ ಕಡೆ ಓಡಬೇಕು. ಎರಡೂ ಆದರೆ ಮೀಟರೂ ವೈರೂ ಸರಿ, ಫ್ಲೋಟ್ ಹೋಗಿದೆ. ಕಪ್ಲರ್ ಬಿಚ್ಚಿದರೂ ಮುಳ್ಳು ಅರ್ಧದಲ್ಲೇ ಕೂತಿದ್ದರೆ ಮೀಟರಿನೊಳಗೇ ಸಿಕ್ಕಿಕೊಂಡಿದೆ. ಬಿಎಸ್ 6 ಗಾಡಿ, ಅಂದರೆ 2020ರ ಏಪ್ರಿಲ್ ಆದಮೇಲೆ ಬಂದ ಗಾಡಿಗಳಲ್ಲಿ ಈ ಮುಟ್ಟಿಸೋ ಆಟ ಆಡಬೇಡಿ, ಕಂಟ್ರೋಲ್ ಯೂನಿಟ್ ಸುಟ್ಟರೆ ಫ್ಲೋಟಿನ ರೇಟಿನಲ್ಲಿ ಮುಗಿಯಲ್ಲ. ಅದರಲ್ಲಿ ಫ್ಲೋಟ್ ಹೊರಗೆ ತೆಗೆದು, ಓಮ್ಸ್‌ಗೆ ಇಟ್ಟ ಮಲ್ಟಿಮೀಟರ್ ಹಿಡಿದು ಕಡ್ಡಿಯನ್ನು ನಿಧಾನ ಎತ್ತಿ ನೋಡಿ. ಸಂಖ್ಯೆ ಒಂದೇ ಸಮ ಏರಬೇಕು ಅಥವಾ ಇಳಿಯಬೇಕು. ಮಧ್ಯೆ ಹಾರಿದರೆ ಪಟ್ಟಿ ಸವೆದಿದೆ. ಟ್ಯಾಂಕ್ ತೆಗೆಯುವಾಗ ಪಕ್ಕದಲ್ಲಿ ಬೀಡಿ ಸೇದೋರನ್ನು ದೂರ ಕಳಿಸಿ, ಡೀಸೆಲ್ ಆದರೇನಂತೆ.

ರಿಪೇರಿ ಆಗೋವರೆಗೆ ಫುಲ್ ಟ್ಯಾಂಕ್ ಹಾಕಿಸಿ, ಟ್ರಿಪ್ ಮೀಟರ್ ಸೊನ್ನೆ ಮಾಡಿಕೊಂಡು ಕಿಲೋಮೀಟರ್ ಲೆಕ್ಕದಲ್ಲಿ ಓಡಿಸಿ. ಡೀಸೆಲ್ ಪೂರ್ತಿ ಮುಗಿಸಿದರೆ ಲೈನಿನಲ್ಲಿ ಏರ್ ಹಿಡಿಯುತ್ತೆ. ಆಮೇಲೆ ಕ್ಯಾನಿನಲ್ಲಿ ಡೀಸೆಲ್ ತಂದು ಸುರಿದ ಮಾತ್ರಕ್ಕೆ ಗಾಡಿ ಏಳಲ್ಲ, ಹ್ಯಾಂಡ್ ಪಂಪ್ ಒತ್ತಿ ಒತ್ತಿ ಏರ್ ತೆಗೆಯಬೇಕು. ನಿಮಗೆ ಒಂದೂವರೆ ಗಂಟೆ ಹಿಡಿದಿದ್ದು ಅದಕ್ಕೇ ಇರಬೇಕು.

ಪ್ರಶ್ನೆ: ಮೈಸೂರು. ಟೆಂಪರೇಚರ್ ಮುಳ್ಳು ಕೆಳಗೇ ಇತ್ತು, ಆದರೂ ರೇಡಿಯೇಟರ್ ಕುದಿದು ಹೊಗೆ ಬಂತು. ಮುಳ್ಳು ಸುಳ್ಳು ಹೇಳುತ್ತಾ?

ಉತ್ತರ: ಮುಳ್ಳು ಸುಳ್ಳು ಹೇಳಲಿಲ್ಲ, ಅದಕ್ಕೆ ಗೊತ್ತೇ ಆಗಲಿಲ್ಲ. ಸೆನ್ಸರ್ ನೀರಿನಲ್ಲಿ ಮುಳುಗಿದ್ದರೆ ಮಾತ್ರ ಸರಿಯಾದ ಬಿಸಿ ಹೇಳುತ್ತೆ. ಕೂಲೆಂಟ್ ಸೋರಿ ಮಟ್ಟ ಇಳಿದರೆ ಸೆನ್ಸರ್ ಗಾಳಿಯಲ್ಲಿ ನೇತಾಡುತ್ತೆ, ಎಂಜಿನ್ ಬೇಯುತ್ತಿದ್ದರೂ ಮುಳ್ಳು ತಣ್ಣಗಿರುತ್ತೆ. ದಿನಾ ಇರೋ ಜಾಗಕ್ಕಿಂತ ಮುಳ್ಳು ಕೆಳಗೆ ಬಿದ್ದರೂ ಅನುಮಾನ ಪಡಿ. ಬೆಳಗ್ಗೆ ಎಂಜಿನ್ ತಣ್ಣಗಿದ್ದಾಗ ಕೂಲೆಂಟ್ ನೋಡಿ. ಬಿಸಿ ಇರುವಾಗ ಮುಚ್ಚಳಕ್ಕೆ ಕೈ ಹಾಕಬೇಡಿ, ಮುಖದ ಮೇಲೆ ಹಾರುತ್ತೆ. ಗ್ಯಾಸ್ಕೆಟ್ ಹೋಗಿದೆಯಾ ಅಂತಲೂ ಚೆಕ್ ಮಾಡಿಸಿ, ಒಂದು ಸಲ ಕುದಿದ ಎಂಜಿನ್ ಅದು.

ಪ್ರಶ್ನೆ: ಕೆ.ಆರ್. ಪೇಟೆ. ಗಾಡಿ ಮೂರು ದಿನ ನಿಂತರೆ ಬ್ಯಾಟರಿ ಡೌನ್. ಹೊಸ ಬ್ಯಾಟರಿ ಹಾಕಿಸಿದರೂ ಅದೇ ಕಥೆ.

ಉತ್ತರ: ನಿಂತ ಗಾಡಿಯಲ್ಲಿ ಯಾವುದೋ ಒಂದು ಕರೆಂಟ್ ಕುಡೀತಾ ಕೂತಿದೆ. ಅರ್ಧ ಆಂಪಿಯರ್ ಸೋರಿದರೂ ದಿನಕ್ಕೆ 12 ಆಂಪಿಯರ್ ಅವರ್ ಆಯ್ತು. ನಿಮ್ಮದು 65ರ ಬ್ಯಾಟರಿ ಆದರೆ ಮೂರು ದಿನಕ್ಕೆ ಅರ್ಧಕ್ಕಿಂತ ಜಾಸ್ತಿ ಖಾಲಿ.

ಮೊದಲು ಚಾರ್ಜಿಂಗ್ ನೋಡಿಬಿಡಿ. ರಾತ್ರಿ ನಿಂತ ಬ್ಯಾಟರಿಯಲ್ಲಿ 12.6 ವೋಲ್ಟ್ ಇರಬೇಕು, 12.2 ಅಂದರೆ ಅರ್ಧ. ಎಂಜಿನ್ ಓಡುವಾಗ 13.8ರಿಂದ 14.5. ಅದು ಸರಿ ಇದ್ದರೆ ಸೋರಿಕೆ ಹುಡುಕಿ. ಕೀ ತೆಗೆದು, ಬಾಗಿಲು ಹಾಕಿ, ಬ್ಯಾಟರಿ ನೆಗೆಟಿವ್ ಬಿಚ್ಚಿ. ಮಲ್ಟಿಮೀಟರನ್ನು 10 ಆಂಪಿಯರ್‌ಗೆ ಇಟ್ಟು, ಒಂದು ಕಡ್ಡಿ ಬ್ಯಾಟರಿ ನೆಗೆಟಿವ್‌ಗೆ, ಇನ್ನೊಂದು ಬಿಚ್ಚಿದ ಕೇಬಲ್ಲಿಗೆ. ಈ ಸ್ಥಿತಿಯಲ್ಲಿ ಸೆಲ್ಫ್ ಹೊಡೆಯಲೇಬೇಡಿ. ಅರ್ಧ ಗಂಟೆ ಬಿಟ್ಟು ನೋಡಿದಾಗ 0.05 ಆಂಪಿಯರ್ ಒಳಗಿದ್ದರೆ ಪರವಾಗಿಲ್ಲ. ಜಾಸ್ತಿ ಇದ್ದರೆ ಒಂದೊಂದೇ ಫ್ಯೂಸ್ ಕಿತ್ತು ನೋಡಿ, ಯಾವುದನ್ನು ಕಿತ್ತಾಗ ಸಂಖ್ಯೆ ದಬಕ್ಕನೆ ಬೀಳುತ್ತೋ ಆ ಲೈನಿನಲ್ಲಿದೆ ಸೋರಿಕೆ. ಆದರೆ ಅದಕ್ಕೂ ಮುಂಚೆ, ಆಮೇಲೆ ಹಾಕಿಸಿದ ಮ್ಯೂಸಿಕ್ ಸಿಸ್ಟಮ್, ದೇವರ ಫೋಟೊದ ಸೀರಿಯಲ್ ಲೈಟು, ಜಿಪಿಎಸ್ ಇವುಗಳ ವೈರ್ ಹಿಡಿದು ಹೋಗಿ. ಕೀ ಲೈನಿಗೆ ಹಾಕೋ ಬದಲು ಬ್ಯಾಟರಿಗೇ ನೇರ ಕೊಟ್ಟಿರುತ್ತಾರೆ. ಎಲ್ಲಾ ಫ್ಯೂಸ್ ಕಿತ್ತರೂ ಸಂಖ್ಯೆ ಇಳಿಯದಿದ್ದರೆ ಬ್ಯಾಟರಿ ಚಾರ್ಜ್ ಮಾಡೋ ಡೈನಮೋದ ಡಯೋಡ್ ಮೇಲೆ ಅನುಮಾನ, ಅದರ ದಪ್ಪ ವೈರ್ ತೆಗೆದು ನೋಡಿ.

ಪ್ರಶ್ನೆ: ಮಳವಳ್ಳಿ. ಬ್ರೇಕ್ ಒತ್ತಿದರೆ ಹಿಂದೆ ಪಾರ್ಕಿಂಗ್ ಲೈಟು, ಇಂಡಿಕೇಟರು ಎಲ್ಲಾ ಮಂಕಾಗಿ ಹತ್ತುತ್ತೆ.

ಉತ್ತರ: ಹಿಂದಿನ ಲೈಟಿನ ಅರ್ತಿಂಗ್. ತರಕಾರಿ, ಸೊಪ್ಪಿನ ನೀರು ತೊಟ್ಟಿಕ್ಕಿ ಅಲ್ಲಿನ ಕಪ್ಲರ್ ಹಸಿರುಗಟ್ಟಿರುತ್ತೆ. ಮೇಲೆ ಮದ್ದೂರಿನವರಿಗೆ ಹೇಳಿದ್ದನ್ನೇ ಗಾಡಿಯ ಹಿಂಭಾಗದಲ್ಲಿ ಮಾಡಿ.

ಪ್ರಶ್ನೆ: ನಾಗಮಂಗಲ ಕಡೆ ಹಳ್ಳಿ. ಮೀಟರಿನ 10 ಆಂಪಿಯರ್ ಫ್ಯೂಸ್ ವಾರಕ್ಕೊಂದು ಹೋಗುತ್ತೆ. ಬೇಸತ್ತು ತಾಮ್ರದ ಎಳೆ ಸುತ್ತಿದ್ದೀನಿ, ಈಗ ಆರಾಮಾಗಿದೆ. ತೊಂದರೆ ಇಲ್ಲ ತಾನೆ?

ಉತ್ತರ: ಇದೆ. ಈ ಪತ್ರ ಓದಿದ ತಕ್ಷಣ ಹೋಗಿ ಆ ಎಳೆ ತೆಗೀರಿ. ಫ್ಯೂಸ್ ಹೋಗ್ತಿದ್ದಿದ್ದು ಎಲ್ಲೋ ವೈರ್ ಬಾಡಿಗೆ ತಾಗ್ತಿದೆ ಅಂತ ಹೇಳೋಕೆ. ನೀವು ಹೇಳೋನ ಬಾಯಿ ಕಟ್ಟಿದ್ದೀರಿ. ಈಗ ಫ್ಯೂಸ್ ಬದಲು ಡ್ಯಾಶ್‌ಬೋರ್ಡ್ ಒಳಗಿನ ವೈರ್ ಸುಡುತ್ತೆ. ಕೆಂಪು ಬಣ್ಣದ್ದು 10, ನೀಲಿ 15, ಹಳದಿ 20 ಆಂಪಿಯರ್. ಕೆಂಪಿನ ಜಾಗಕ್ಕೆ ಕೆಂಪೇ ಹಾಕಬೇಕು.

ಗಾಡಿ ಎಲ್ಲಿ ನಿಲ್ಲಿಸ್ತೀರಿ? ಆಲೆಮನೆ ಪಕ್ಕ, ಕಬ್ಬಿನ ಗದ್ದೆ ಬದುವಿನಲ್ಲಿ ಆದರೆ ಇಲಿ ಕೆಲಸ ಇರುತ್ತೆ. ಬಾನೆಟ್ ಎತ್ತಿ ಟಾರ್ಚ್ ಹಿಡಿದು ಬ್ಯಾಟರಿ ಕೆಳಗೆ, ಎಂಜಿನ್ ಹಿಂದಿನ ಗೋಡೆ ಹತ್ತಿರ ನೋಡಿ. ಹಿಕ್ಕೆ, ಕಬ್ಬಿನ ರವುದಿ, ಹಲ್ಲಿನ ಗುರುತು ಕಂಡರೆ ಆ ವೈರ್ ಗೊಂಚಲಿನ ಟೇಪ್ ಬಿಚ್ಚಿ ಒಂದೊಂದು ವೈರನ್ನೂ ಬೆರಳಲ್ಲಿ ಸವರಿ. ಕಡಿದ ಜಾಗ ಕಣ್ಣಿಗಿಂತ ಬೆರಳಿಗೆ ಬೇಗ ಸಿಗುತ್ತೆ.

ಪ್ರಶ್ನೆ: ಶ್ರೀರಂಗಪಟ್ಟಣ. ಹಳೇ ಪಿಕಪ್. ಕೀ ಆನ್ ಮಾಡಿದಾಗ ಬ್ಯಾಟರಿ ಲೈಟ್ ಹತ್ತೋದೇ ಇಲ್ಲ. ಹತ್ತದಿದ್ದರೆ ಒಳ್ಳೇದಲ್ವಾ?

ಉತ್ತರ: ಎಂಜಿನ್ ಓಡುವಾಗ ಹತ್ತದಿದ್ದರೆ ಒಳ್ಳೇದು. ಕೀ ಆನ್ ಮಾಡಿದಾಗ ಹತ್ತಲೇಬೇಕು. ಹಳೇ ಗಾಡಿಗಳಲ್ಲಿ ಡೈನಮೋಗೆ ಮೊದಲ ಕರೆಂಟ್ ಹೋಗೋದೇ ಆ ಪುಟ್ಟ ಬಲ್ಬಿನ ಮೂಲಕ. ಬಲ್ಬ್ ಹೋದರೆ ಜೋರಾಗಿ ಆಕ್ಸಿಲರೇಟರ್ ಕೊಡೋವರೆಗೂ ಚಾರ್ಜೇ ಆಗದೆ ಇರಬಹುದು. ಬಲ್ಬ್ ಹಾಕಿ ನೋಡಿ. ಎಣ್ಣೆ ಲೈಟಿಗೂ ಇದೇ ಮಾತು, ಕೀ ಆನ್‌ನಲ್ಲಿ ಹತ್ತಿ ಸ್ಟಾರ್ಟ್ ಆದಮೇಲೆ ಆರಬೇಕು. ಓಡುವಾಗ ಎಣ್ಣೆ ಲೈಟ್ ಹತ್ತಿದರೆ ಮಾತ್ರ ಸ್ವಿಚ್ ಕೆಟ್ಟಿರಬಹುದು ಅಂದುಕೊಂಡು ಮನೆವರೆಗೆ ಓಡಿಸಬೇಡಿ, ಅಲ್ಲೇ ಆಫ್ ಮಾಡಿ ಗೇಜ್ ಕಡ್ಡಿ ಎತ್ತಿ ನೋಡಿ.

ಪ್ರಶ್ನೆ: ಮಂಡ್ಯ. ಪ್ರತಿ ಸಲ ಮಲ್ಟಿಮೀಟರ್ ಅಂತೀರಿ. ಯಾವುದು ತಗೊಳ್ಳಲಿ?

ಉತ್ತರ: ಕೆಲವು ನೂರು ರೂಪಾಯಿಗೆ ಸಿಗೋ ಡಿಜಿಟಲ್ ಮೀಟರ್ ನಮ್ಮ ಕೆಲಸಕ್ಕೆ ಧಾರಾಳ ಸಾಕು. 20 ವೋಲ್ಟ್ ಡಿಸಿ, ಓಮ್ಸ್, 10 ಆಂಪಿಯರ್ ತೂತು, ತಾಗಿದರೆ ಕುಯ್ ಅನ್ನೋ ಬಜರ್, ಇಷ್ಟಿರಲಿ. ಆಂಪಿಯರ್ ನೋಡಿದ ಮೇಲೆ ಕೆಂಪು ಕಡ್ಡಿಯ ವೈರನ್ನು ವೋಲ್ಟ್ ತೂತಿಗೆ ವಾಪಸ್ ಹಾಕೋದು ಮರೀಬೇಡಿ. ಮರೆತು ಬ್ಯಾಟರಿ ಮೇಲೆ ಇಟ್ಟರೆ ಒಂದು ಕಿಡಿ ಹಾರುತ್ತೆ, ಮಾರನೇ ದಿನ ಮತ್ತೆ ಅದೇ ಅಂಗಡಿಗೆ ಹೋಗಬೇಕು. ನಾನು ಹೋಗಿದ್ದೀನಿ, ಎರಡು ಸಲ.